ಓದುವ ರುಚಿ ಎಲ್ಲಿ ಹುಟ್ಟುವುದು?

ನಮ್ಮ ಪಾಠಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳು ನಮ್ಮನ್ನು ಕಾಣಬಂದಾಗ, ಕ್ಷೇಮಸಮಾಚಾರವಾದ ಬಳಿಕ ನಾವು ಕೇಳುವ ಮಾತೊಂದುಂಟು: "ಈಗ ಯಾವ ಪುಸ್ತಕವನ್ನು ಓದುತ್ತಿರುವೆ?" ಕೆಲವರ ಮುಖವು ಅರಳುವುದು. ಹಲವರು ತಲೆತಗ್ಗಿಸಿ, "ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮುಟ್ಟಿಲ್ಲ, ಟೀಚರ್" ಎನ್ನುವರು. ಒಂದೇ ತರಗತಿಯಲ್ಲಿ ಒಂದೇ ಪಾಠವನ್ನು ಕೇಳಿದವರಲ್ಲಿ ಈ ಭೇದವೇಕೆ?

ಸಕ್ರೆಬೈಲಿನ ಆನೆಬಿಡಾರವನ್ನು ನಿಮ್ಮಲ್ಲಿ ಬಹುಮಂದಿ ಕಂಡಿರುವಿರಿ. ಬೆಳಗ್ಗೆ ಆನೆಗಳು ತುಂಗೆಯ ಹಿನ್ನೀರಿಗಿಳಿಯುವಾಗ ಮರಿಯು ತಾಯಿಯನ್ನು ನೋಡಿಯೇ ನೀರಿಗಿಳಿಯುವುದು. ಮಾವುತನ ಪಾಠವು ಆಮೇಲಿನದು. ಓದಿನ ಕ್ರಮವೂ ಹೀಗೆಯೇ. ಮೊದಲು ಮನೆ, ಬಳಿಕ ಗುರು.

ಅದೇ ದಾರಿಯಲ್ಲಿ ಮುಂದೆ ಹೋದರೆ ತೀರ್ಥಹಳ್ಳಿಯ ಸೀಮೆ. 1904ರಲ್ಲಿ ಜನಿಸಿದ ಕುವೆಂಪು ಅವರು ಬೆಳೆದ ಕುಪ್ಪಳಿಯು ಅಲ್ಲಿಯದೇ. ಕಾಡಿನ ನಡುವಣ ಆ ಮನೆಯವರು ದಕ್ಷಿಣ ಕನ್ನಡದ ಉಪಾಧ್ಯಾಯರೊಬ್ಬರನ್ನು ನೇಮಿಸಿ, ಮನೆಯಲ್ಲಿಯೇ ವಿದ್ಯಾಭ್ಯಾಸವನ್ನು ಮಾಡಿಸಿದರು. ಅನಂತರ ತೀರ್ಥಹಳ್ಳಿಯ ಶಾಲೆ, ಮೈಸೂರಿನ ವೆಸ್ಲಿಯನ್ ಹೈಸ್ಕೂಲು, ಮಹಾರಾಜಾ ಕಾಲೇಜು. 1949ರಲ್ಲಿ ಪ್ರಕಟವಾದ 'ಶ್ರೀರಾಮಾಯಣದರ್ಶನಂ' ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ಮನೆಯವರು ಹಚ್ಚಿದ ದೀಪಕ್ಕೆ ಗುರುಗಳು ಎಣ್ಣೆಯೆರೆದರು.

ಹೆಣ್ಣುಮಕ್ಕಳಿಗೆ ಅಷ್ಟು ಅನುಕೂಲವಿರಲಿಲ್ಲ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದ ಎಂ. ಕೆ. ಇಂದಿರಾ ಅವರಿಗೆ ದೊರೆತ ಶಾಲೆಯ ಓದು 7 ವರ್ಷಗಳದು ಮಾತ್ರ. 12ನೆಯ ವಯಸ್ಸಿಗೆ ವಿವಾಹವಾಯಿತು. ಆದರೂ ಅವರು ಓದನ್ನು ಬಿಡಲಿಲ್ಲ. ಅವರ ಮೊದಲ ಕಾದಂಬರಿ 'ತುಂಗಭದ್ರ' ಬೆಳಕು ಕಂಡಾಗ ವರ್ಷ 1963. 1976ರ 'ಫಣಿಯಮ್ಮ'ನಾದರೋ ಬಾಲವಿಧವೆಯೊಬ್ಬಳ ನಿಜಜೀವನದ ಕಥೆ. ತಾಯಿಯಿಂದ ಅವರ ಕಿವಿಗೆ ಬಿದ್ದದ್ದು. ಶಾಲೆಯ ಬಾಗಿಲು ಬೇಗನೆ ಮುಚ್ಚಿದರೂ ತಾಯಿ ಹೇಳಿದ ಕಥೆಯು ಮಗಳಲ್ಲಿ ಮಾಸದೆ ಉಳಿಯಿತು.

ತಾಯಿಗೆ ಅಕ್ಷರ ಬಾರದಿದ್ದರೆ? ಸಕ್ರೆಬೈಲಿನ ಕಡೆಯಿಂದ ನಮ್ಮಲ್ಲಿಗೆ ಬರುತ್ತಿದ್ದ ಬಾಲಿಕೆಯೊಬ್ಬಳ ತಾಯಿ ಅಂಥವಳೇ. ಸಂಜೆ ಅಕ್ಕಿ ಆರಿಸುತ್ತ ಕುಳಿತು, "ನಿನ್ನೆ ಎಲ್ಲಿಗೆ ನಿಲ್ಲಿಸಿದೆ? ಮುಂದಕ್ಕೆ ಓದು ಮಗಾ" ಎನ್ನುವಳಂತೆ. ಆ ಬಾಲಿಕೆಯು ನಮ್ಮ ಪುಸ್ತಕದ ಬೀರುವಿನ ಮುಂದೆ ನಿಂತು, "ಅಮ್ಮನಿಗೆ ಹಿಡಿಸುವಂಥದ್ದು ಕೊಡಿ, ಟೀಚರ್" ಎಂದು ಕೇಳುತ್ತಿದ್ದಳು. ಆಗ ನಾವು ಓದಿದ ಪ್ರತಿ ಪುಸ್ತಕಕ್ಕೂ ಸಾರಾಂಶ ಬರೆಸುತ್ತಿದ್ದೆವು. ಆ ಭಯದಿಂದ ಉಳಿದವರು ತೆಳ್ಳಗಿನ ಪುಸ್ತಕವನ್ನೇ ಹುಡುಕುತ್ತಿದ್ದರು. ಅಕ್ಷರವರಿಯದ ಆ ತಾಯಿಯು ನಮಗೆ ನಮ್ಮ ತಪ್ಪನ್ನು ತೋರಿಸಿದಳು. ಸಾರಾಂಶವನ್ನು ಬಿಟ್ಟೆವು, ವಾರಕ್ಕೊಂದು ತಾಸು ನಾವೇ ಗಟ್ಟಿಯಾಗಿ ಓದಿ, ಕುತೂಹಲದ ಎಡೆಯಲ್ಲಿ ನಿಲ್ಲಿಸತೊಡಗಿದೆವು. ಮರುದಿನವೇ ಆ ಪುಸ್ತಕಕ್ಕೆ ನಾಲ್ಕು ಕೈಗಳು ಚಾಚಿದವು.

ಆದುದರಿಂದ ತಾಯ್ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಮಗಳು ಪುಸ್ತಕ ಹಿಡಿದು ಕುಳಿತಾಗ "ಕೆಲಸವಿಲ್ಲವೇ?" ಎನ್ನಬೇಡಿರಿ, "ಮುಂದೇನಾಯಿತು?" ಎಂದು ಕೇಳಿರಿ. ಕೇಳುವವರಿದ್ದಲ್ಲಿ ಓದು ನಿಲ್ಲದು. ನಮ್ಮ ಹಳೆಯ ವಿದ್ಯಾರ್ಥಿನಿಯರೇ, ಪಾಠಶಾಲೆಯ ಪುಸ್ತಕದ ಬೀರು ನಿಮಗೂ ತೆರೆದಿದೆ. ಮುಂದಿನ ಸಲ ಬರುವಾಗ ಮಕ್ಕಳನ್ನೂ ಕರೆತನ್ನಿರಿ; ನಮ್ಮ ಹಳೆಯ ಪ್ರಶ್ನೆಯು ಅವರಿಗಾಗಿಯೂ ಕಾದಿರುವುದು.