ಒಂದು ಮರದ ಸಾಕ್ಷಿ ಸಾಲದು

ಮುಂಗಾರು ಹತ್ತಿರವಾಗುತ್ತಿದ್ದಂತೆ ಅಡಿಕೆ ಬೆಳೆಗಾರರ ಮನೆ ಬಾಗಿಲಿಗೆ ಹೊಸ ಹೊಸ ಔಷಧಿಗಳು ಬರುತ್ತವೆ. "ಇಂಥವರ ತೋಟಕ್ಕೆ ಹೊಡೆಸಿದರು, ಒಂದು ಕಾಯಿಯೂ ಉದುರಲಿಲ್ಲ" ಎಂಬ ಮಾತೂ ಅವುಗಳ ಜೊತೆಗೇ ಬರುತ್ತದೆ. ಮಲೆನಾಡಿನಲ್ಲಿ ಎಲೆಚುಕ್ಕಿ ರೋಗ ಹಬ್ಬಿದ ಮೇಲಂತೂ ಇಂಥ ಮಾತುಗಳಿಗೆ ಬರವಿಲ್ಲ. ಕಷ್ಟದಲ್ಲಿರುವವನು ಹುಲ್ಲುಕಡ್ಡಿಯನ್ನೂ ಹಿಡಿಯುತ್ತಾನೆ. ಆದರೆ ಆ ಕಡ್ಡಿಗೆ ನಾವು ಕೊಡುವ ಹಣ ವರ್ಷದ ಬೆವರಿನ ಫಲವೆಂಬುದನ್ನು ಮರೆಯಬಾರದು. ನಿಜವಾದ ಗುಣ ಯಾವುದು, ಅದೃಷ್ಟದ ಫಲ ಯಾವುದು ಎಂದು ಬೇರ್ಪಡಿಸುವ ವಿದ್ಯೆಯೊಂದಿದೆ. ನಮ್ಮ ಮಕ್ಕಳು ಕೃಷಿ ಕಾಲೇಜಿನಲ್ಲಿ ಅದನ್ನೇ ಕಲಿಯುತ್ತಾರೆ. ನಾವೂ ಅದರ ಸಾರವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಈ ವಿದ್ಯೆ ಬೆಳೆದದ್ದು ಹೊಲದಲ್ಲೇ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಗೊಬ್ಬರದ ಪ್ರಯೋಗಗಳು ನಡೆಯುತ್ತಿದ್ದವು. 1919ರಲ್ಲಿ ಅಲ್ಲಿಗೆ ಬಂದ ಆರ್. ಎ. ಫಿಷರ್ ಎಂಬ ಗಣಿತಜ್ಞರು ಆ ಲೆಕ್ಕಗಳನ್ನೆಲ್ಲ ಪರಿಶೀಲಿಸಿ, ಪ್ರಯೋಗವನ್ನು ಹೇಗೆ ಹೂಡಬೇಕೆಂಬುದಕ್ಕೆ ನಿಯಮಗಳನ್ನು ರೂಪಿಸಿದರು. 1935ರಲ್ಲಿ ಆ ಕುರಿತು ಗ್ರಂಥವನ್ನೇ ಬರೆದರು. ನಮ್ಮ ದೇಶದಲ್ಲಿ ಪಾನ್ಸೆ ಮತ್ತು ಸುಖಾತ್ಮೆಯವರು 1954ರಲ್ಲಿ ಹೊರತಂದ ಪುಸ್ತಕ ಕೃಷಿ ವಿದ್ಯಾರ್ಥಿಗಳಿಗೆ ಕೈಪಿಡಿಯಾಯಿತು. 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಬೆಳೆಶಾಸ್ತ್ರದ ಜೊತೆಗೆ ಸಂಖ್ಯಾಶಾಸ್ತ್ರದ ಪಾಠವಿದೆ.

ಫಿಷರರ ನಿಯಮಗಳು ಮುಖ್ಯವಾಗಿ ಮೂರು. ಮೊದಲನೆಯದು, ಒಂದೇ ಕಡೆ ನೋಡಿ ತೀರ್ಮಾನಿಸದೆ ಹಲವು ತಾಕುಗಳಲ್ಲಿ ಪ್ರಯೋಗವನ್ನು ಪುನರಾವರ್ತಿಸಬೇಕು. ಎರಡನೆಯದು, ಯಾವ ತಾಕಿಗೆ ಯಾವ ಔಷಧಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಮೂರನೆಯದು, ಒಂದೇ ಬಗೆಯ ನೆಲದಲ್ಲಿ ಅಕ್ಕಪಕ್ಕ ಇರುವ ತಾಕುಗಳನ್ನೇ ಪರಸ್ಪರ ಹೋಲಿಸಬೇಕು.

ಇದರ ಅಗತ್ಯ ನಮ್ಮ ತೋಟಗಳಲ್ಲೇ ಕಾಣುತ್ತದೆ. ಹಳ್ಳದ ಬದಿಯ ಮರಗಳಿಗೆ ತಂಡಿ ಹೆಚ್ಚು, ಗಾಳಿ ಬೆಳಕು ಕಡಿಮೆ. ಅಲ್ಲಿ ಕೊಳೆರೋಗ ಬೇಗ ತಗಲುತ್ತದೆ. ಮೇಲಿನ ಭಾಗಕ್ಕೆ ಹೊಸ ಔಷಧಿ ಹೊಡೆದು, ಹಳ್ಳದ ಬದಿಗೆ ಹಳೆಯದನ್ನು ಹೊಡೆದರೆ ಗೆಲ್ಲುವುದು ಔಷಧಿಯಲ್ಲ, ಜಾಗ. ಇನ್ನು ಚೀಟಿ ಎತ್ತದೆ ನಾವೇ ಆರಿಸಿದರೆ, ದುಬಾರಿ ಔಷಧಿಯನ್ನು ಒಳ್ಳೆಯ ಮರಗಳಿಗೇ ಹಾಕಲು ಕೈ ತಾನಾಗಿ ಹೋಗುತ್ತದೆ. ಮನುಷ್ಯ ಸ್ವಭಾವವೇ ಹಾಗೆ.

ಅರೆ ಎಕರೆ ತೋಟದಲ್ಲೂ ಇಂಥ ಪರೀಕ್ಷೆ ಸಾಧ್ಯ. ಹಳ್ಳದಿಂದ ದಿಣ್ಣೆಯವರೆಗೆ ತೋಟವನ್ನು ಆರು ಭಾಗ ಮಾಡಿಕೊಳ್ಳಿ. ಪ್ರತಿ ಭಾಗದಲ್ಲಿ ಒಂದೇ ವಯಸ್ಸಿನ ಐದೈದು ಮರಗಳ ಎರಡು ತಾಕುಗಳನ್ನು ಗುರುತಿಸಿ. ಸಿಂಪಡಣೆ ಗಾಳಿಗೆ ಹಾರುವುದರಿಂದ ನಡುವಿನ ಒಂದು ಸಾಲನ್ನು ಲೆಕ್ಕದಿಂದ ಬಿಡಿ. ಪ್ರತಿ ಭಾಗದಲ್ಲೂ ನಾಣ್ಯ ಚಿಮ್ಮಿ, ಒಂದು ತಾಕಿಗೆ ಹೊಸ ಔಷಧಿ, ಇನ್ನೊಂದಕ್ಕೆ ಎಂದಿನ ಬೋರ್ಡೋ ದ್ರಾವಣ ಎಂದು ನಿಶ್ಚಯಿಸಿ. ಮರಗಳಿಗೆ ಬಣ್ಣದ ಗುರುತು ಹಾಕಿ. ಉದುರಿದ ಕಾಯಿಗಳನ್ನು ವಾರವಾರ ಎಣಿಸಿ ಪುಸ್ತಕದಲ್ಲಿ ಬರೆಯಿರಿ. ಎಣಿಸುವವರಿಗೆ ಯಾವ ತಾಕಿಗೆ ಏನು ಹೊಡೆದಿದೆಯೆಂದು ತಿಳಿಯದಿದ್ದರೆ ಇನ್ನೂ ಒಳ್ಳೆಯದು.

ಎರಡು ಔಷಧಿಗಳಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೂ ಅದೃಷ್ಟದಿಂದ ಹೊಸದೇ ಆರೂ ಕಡೆ ಗೆಲ್ಲುವ ಸಂಭವ 64ರಲ್ಲಿ ಒಂದು ಮಾತ್ರ. ಆದ್ದರಿಂದ ಆರಕ್ಕೆ ಆರೂ ಗೆದ್ದರೆ ನಂಬಲು ಆಧಾರವುಂಟು. ಮೂರು ಕಡೆ ಗೆದ್ದು ಮೂರು ಕಡೆ ಸೋತರೆ ಹಣವನ್ನು ಪೆಟ್ಟಿಗೆಯಲ್ಲೇ ಇಡುವುದು ಲೇಸು.

ಇಲ್ಲೊಂದು ಎಚ್ಚರಿಕೆಯ ಮಾತು. ಹೋಲಿಕೆಗೆಂದು ಕೆಲವು ಮರಗಳಿಗೆ ಏನನ್ನೂ ಹೊಡೆಯದೆ ಬಿಡಬೇಡಿ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ, ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಬಹುಕಾಲದಿಂದ ಪರೀಕ್ಷೆಗೆ ನಿಂತ ಮದ್ದು. ಹೊಸದು ಅದರೊಡನೆ ಸ್ಪರ್ಧಿಸಲಿ. ಔಷಧಿಯಿಲ್ಲದ ಮರದಿಂದ ರೋಗ ಹಬ್ಬಿದರೆ ನಷ್ಟ ನಮ್ಮದು, ನೆರೆಯವರದೂ ಹೌದು.

ಕಾಫಿ ಬೆಳೆಗಾರರಿಗೆ ಇನ್ನೊಂದು ಮಾತು. ಅರೇಬಿಕಾ ಗಿಡ ಒಂದು ವರ್ಷ ತುಂಬ ಬಿಟ್ಟರೆ ಮರುವರ್ಷ ಸೊರಗುವುದು ನಮಗೆಲ್ಲ ಗೊತ್ತು. ಕಡಿಮೆ ಫಸಲಿನ ವರ್ಷ ಹೊಸ ಗೊಬ್ಬರ ಹಾಕಿದವರಿಗೆ ಮರುವರ್ಷದ ಏರಿಕೆಯೆಲ್ಲ ಗೊಬ್ಬರದ ಮಹಿಮೆಯೆಂದೇ ತೋರೀತು. ಅಕ್ಕಪಕ್ಕದ ತಾಕುಗಳನ್ನು ಹೋಲಿಸದೆ, ಎರಡು ಮೂರು ಫಸಲು ತೂಗಿ ನೋಡದೆ ತೀರ್ಮಾನಕ್ಕೆ ಬರಬಾರದು.

ಇನ್ನು ಮುಂದೆ ಯಾರಾದರೂ ಹೊಸ ಮದ್ದು ತಂದರೆ ನಾವು ಕೇಳಬೇಕಾದ ಪ್ರಶ್ನೆಗಳಿವು: ಎಷ್ಟು ತಾಕುಗಳಲ್ಲಿ ನೋಡಿದಿರಿ? ಯಾವುದರೊಡನೆ ಹೋಲಿಸಿದಿರಿ? ತಾಕುಗಳನ್ನು ಆರಿಸಿದವರು ಯಾರು? ಎಷ್ಟು ವರ್ಷ? ಉತ್ತರವಿದ್ದವರಿಗೆ ಕುಳಿತುಕೊಳ್ಳಲು ಚಾಪೆ ಹಾಸೋಣ. ಉತ್ತರವಿಲ್ಲದವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳುಹಿಸೋಣ.