ಚೊಗರು ಹತ್ತಿದ ಕೈಗೆ ಸಿಗದ ಆ್ಯಪ್

“ಒಂದು ಆ್ಯಪ್ ಬಿಡು ಸಾಕು, ಆಮೇಲೆ ಮಲಗಿದ್ರೂ ದುಡ್ಡು ಬರ್ತಿರುತ್ತೆ.” ಚನ್ನಗಿರಿ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತ ಗೆಳೆಯನೊಬ್ಬ ಹೀಗೆಂದಾಗ ನಾನೂ ಅರ್ಧ ನಂಬಿದ್ದೆ. ವಾರವೆಲ್ಲ ಬೆಂಗಳೂರಿನಲ್ಲಿ ಕಂಪನಿ ಕೆಲಸ. ರಾತ್ರಿ ಹೊತ್ತು, ರಜೆಯ ದಿನ ನನ್ನದೇ ಆ್ಯಪ್. ಅಡಿಕೆ ಸುಲಿತದ ಕೂಲಿ ಲೆಕ್ಕ ಇಡುವಂಥದ್ದು. ಯಾರು ಎಷ್ಟು ಕೆ.ಜಿ. ಸುಲಿದರು, ಎಷ್ಟು ಮುಂಗಡ ಇಸ್ಕೊಂಡರು, ವಾರದ ಕೊನೆಗೆ ಎಷ್ಟು ಕೊಡಬೇಕು, ಅಷ್ಟೇ. ಎರಡು ಸುಗ್ಗಿ ಕಳೆದಿವೆ. ಈಗ ಹೊನ್ನಾಳಿ, ನ್ಯಾಮತಿ, ಜಗಳೂರಿನ ಹುಡುಗರು ಫೋನ್ ಮಾಡಿ ಕೇಳುವ ಪ್ರಶ್ನೆಗಳಲ್ಲಿ ನನ್ನ ಹಳೇ ನಂಬಿಕೆಗಳೇ ಕೇಳಿಸುತ್ತವೆ.

ನಂಬಿಕೆ: ಕೋಡ್ ಬರೆದು ಮುಗಿಸಿದರೆ ಆ್ಯಪ್ ಮುಗಿಯಿತು

ಗೂಗಲ್ ಪ್ಲೇನಲ್ಲಿ ಡೆವಲಪರ್ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದರಾಯಿತು. ಆ್ಯಪಲ್‌ಗೆ ವರ್ಷ ವರ್ಷವೂ 99 ಡಾಲರ್. ದುಡ್ಡಿನದು ದೊಡ್ಡ ಮಾತಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಪ್ಲೇ ಸ್ಟೋರ್‌ನಲ್ಲಿ ಎಲ್ಲರಿಗೂ ಬಿಡುವ ಮೊದಲು ಒಂದಷ್ಟು ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಯಿತು. ಹನ್ನೆರಡು ಜನ ತಾನೇ ಎಂದುಕೊಳ್ಳಬೇಡಿ. ನನ್ನ ಚಿಕ್ಕಪ್ಪನ ಮಗ ಆರನೇ ದಿನ ಫೋನ್ ಬದಲಿಸಿದ. ಇನ್ನೊಬ್ಬ, ಮದುವೆ ವಿಡಿಯೋಗೆ ಜಾಗ ಸಾಲದೆ ನನ್ನ ಆ್ಯಪನ್ನೇ ಅಳಿಸಿದ. ಕೋಡ್ ಬರೆಯಲು ಪಟ್ಟ ಕಷ್ಟಕ್ಕಿಂತ ಈ ಹದಿನಾಲ್ಕು ದಿನ ನೆಂಟರಿಷ್ಟರನ್ನು ಕಾಡಿದ್ದು ಹೆಚ್ಚು.

ಸ್ಟೋರ್ ಸೇರಿದ ಮೇಲೂ ಬಿಡುವಿಲ್ಲ. ಆ್ಯಂಡ್ರಾಯ್ಡ್ ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಆ್ಯಪ್ ಅದರ ಹಿಂದೆ ನಡೆಯಬೇಕು. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್ ಹಾಕುವುದಿರಲಿ, ಇದ್ದದ್ದನ್ನು ತಿದ್ದಿ ಹಾಕುವುದಿರಲಿ, ಆ್ಯಂಡ್ರಾಯ್ಡ್ 15ಕ್ಕೆ ಹೊಂದಿಸಿರಲೇಬೇಕು ಎಂದಾಯಿತು. ಒಂದಕ್ಷರದ ತಪ್ಪು ತಿದ್ದಲು ಹೋದವನು ಮೂರು ರಾತ್ರಿ ಕೂತಿದ್ದೇನೆ. ತೋಟಕ್ಕೆ ಒಂದು ವರ್ಷ ನೀರು ಬಿಟ್ಟು ಸುಮ್ಮನಾಗುವವರು ನಮ್ಮ ಕಡೆ ಯಾರೂ ಇಲ್ಲ. ಆ್ಯಪ್ ವಿಷಯದಲ್ಲಿ ಮಾತ್ರ ಏಕೋ ಹಾಗೆ ಅಂದುಕೊಳ್ಳುತ್ತೇವೆ.

ನಂಬಿಕೆ: ನಮ್ಮೂರಿನ ಕೆಲಸ ನಮಗೆ ಗೊತ್ತಿಲ್ಲವೇ?

ಇದು ನನ್ನನ್ನು ಚೆನ್ನಾಗಿ ಬೀಳಿಸಿದ ನಂಬಿಕೆ. ಅಡಿಕೆ ಮನೆಯಲ್ಲೇ ಹುಟ್ಟಿದವನಿಗೆ ಸುಲಿತ ಗೊತ್ತಿಲ್ಲವೇ? ಸಂತೇಬೆನ್ನೂರು ಕಡೆ ತೋಟದ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರರೊಬ್ಬರ ಕಣದಲ್ಲಿ ಆ್ಯಪ್ ತೆರೆದು ಕೊಟ್ಟೆ. ಪ್ರತಿಯೊಬ್ಬರೂ ತೂಕ ಹಾಕಿಸಿದ ಮೇಲೆ ತಾವೇ ಬಂದು ಕೆ.ಜಿ. ಒತ್ತಲಿ, ಮೋಸದ ಮಾತೇ ಬರುವುದಿಲ್ಲ ಎಂಬುದು ನನ್ನ ಜಾಣತನ. ರಾತ್ರಿ ಎಂಟು ಗಂಟೆ, ಬಲ್ಬಿನ ಕೆಳಗೆ ಹಸಿ ಅಡಿಕೆಯ ರಾಶಿ. ಒಬ್ಬ ಅಜ್ಜಿ ಕತ್ತಿ ಕೆಳಗಿಟ್ಟು ಎದ್ದು ಬಂದರು. ಕೈಗೆ ಅಡಿಕೆಯ ಚೊಗರು ಹತ್ತಿ ಬೆರಳ ತುದಿಯೆಲ್ಲ ಕಪ್ಪಗೆ ಗಟ್ಟಿಯಾಗಿದೆ, ಮೇಲೆ ಹಸಿ. ಒತ್ತಿದರು. ಪರದೆ ಮಿಸುಕಲಿಲ್ಲ. ಸೀರೆ ಸೆರಗಿಗೆ ಒರೆಸಿ ಮತ್ತೆ ಒತ್ತಿದರು. ಈ ಸಲ 7ರ ಬದಲು 77 ಬಿತ್ತು.

“ನಮ್ ಕೈ ಇದಕ್ಕೆ ಗುರ್ತು ಸಿಗಲ್ಲ ಬಿಡಪ್ಪ” ಎಂದು ನಕ್ಕು ಹೋಗಿ ಕೂತರು.

ಆ ಕಣದಲ್ಲಿ ನನ್ನ ಎದುರಾಳಿ ಇನ್ನೊಂದು ಆ್ಯಪ್ ಆಗಿರಲೇ ಇಲ್ಲ. ತಕ್ಕಡಿಯ ಪಕ್ಕ ದಾರ ಕಟ್ಟಿ ನೇತುಹಾಕಿದ್ದ ನೋಟ್‌ಬುಕ್ಕು. ಅದಕ್ಕೆ ಚಾರ್ಜ್ ಬೇಡ, ಲಾಗಿನ್ ಬೇಡ. ನಾನು ಶುರುವಿಗೇ ಇಮೇಲ್ ವಿಳಾಸ ಕೇಳುತ್ತಿದ್ದೆ. ಖೇಣಿದಾರರ ಇಮೇಲ್ ಫೋನ್ ಅಂಗಡಿಯವನು ಮಾಡಿಕೊಟ್ಟದ್ದು, ಪಾಸ್‌ವರ್ಡ್ ಅವನಿಗೇ ಗೊತ್ತು. ಲಾಗಿನ್ ತೆಗೆದುಹಾಕಿದ ವಾರವೇ ಬಳಸುವವರು ಹೆಚ್ಚಿದರು. ಆ ಲಾಗಿನ್ ಪುಟಕ್ಕೆ ನಾನು ಒಂದು ತಿಂಗಳು ಸುರಿದಿದ್ದೆ ಎಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಜಿಲ್ಲೆ ಒಂದೇ ಅಲ್ಲವೇ, ಎಲ್ಲ ಕಡೆ ಓಡುತ್ತದೆ ಎಂಬುದು ಇದರದೇ ತಮ್ಮ. ದಾವಣಗೆರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನಮ್ಮ ಚನ್ನಗಿರಿಯಲ್ಲಿ ರಾಶಿ ಅಡಿಕೆಯ ಕ್ವಿಂಟಲ್ ಮಾತು, ಅಡಿಕೆ ಸೊಸೈಟಿ ತುಮ್ಕೋಸ್‌ನಲ್ಲಿ ಇವತ್ತೇನು ರೇಟು ಎಂಬ ಮಾತು. ಹೊನ್ನಾಳಿಯ ತುಂಗಭದ್ರೆ ದಂಡೆಯ ಭತ್ತದವರು ಕೇಳಿದ್ದು ಕಟಾವು ಯಂತ್ರದ ಗಂಟೆ ಲೆಕ್ಕ. ಜಗಳೂರಿನ ಮೆಕ್ಕೆಜೋಳದವರಿಗೆ ಬೇಕಾದದ್ದು ಚೀಲದ ಲೆಕ್ಕ. ನ್ಯಾಮತಿಯಿಂದ ಬಂದದ್ದು ಒಂದೇ ಒಂದು ಸ್ಟಾರ್, ಜೊತೆಗೆ ಒಂದು ಸಾಲು: “ನಮ್ಮ ತಾಲ್ಲೂಕೇ ಇಲ್ಲ.” ನೋಡಿದರೆ ನಿಜ. ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಗಿ ವರ್ಷಗಳಾಗಿದ್ದರೂ ನಾನು ಎತ್ತಿಕೊಂಡಿದ್ದ ತಾಲ್ಲೂಕು ಪಟ್ಟಿ ಅದಕ್ಕೂ ಹಿಂದಿನದು. ಅವತ್ತು ರಾತ್ರಿಯೇ ಸೇರಿಸಿದೆ. ಒಂದು ಸ್ಟಾರ್ ಒಂದಾಗಿಯೇ ಉಳಿದಿದೆ.

ನಂಬಿಕೆ: ಜಾಹೀರಾತು ಹಾಕಿದರೆ ಆದಾಯ ಶುರು

ಗೂಗಲ್‌ನ ಜಾಹೀರಾತು ಸೇವೆ ಆ್ಯಡ್‌ಮಾಬ್‌ನಲ್ಲಿ ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಾತ್ರಿಗೆ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. 100 ಡಾಲರ್ ಆಗುವವರೆಗೆ ಬ್ಯಾಂಕಿಗೆ ಏನೂ ಬರುವುದಿಲ್ಲ. ನಾನು ಊರಿನ ವಿಳಾಸ ಕೊಟ್ಟಿದ್ದೆ. ಪೋಸ್ಟ್‌ಮ್ಯಾನ್ “ಫಾರಿನ್ ಲೆಟರ್ ಬಂದಿದೆ” ಎಂದು ಕೇರಿಗೆಲ್ಲ ಕೇಳುವ ಹಾಗೆ ಕೂಗಿದ್ದರಿಂದ, ಹುಡುಗನಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿತು ಎಂದು ಎರಡು ದಿನ ಸುದ್ದಿ. ಒಳಗಿದ್ದದ್ದು ಆರು ಅಂಕಿ. ಆ ಹತ್ತು ಡಾಲರ್ ಕೂಡಲು ಒಂದು ಸುಗ್ಗಿ ಪೂರ್ತಿ ಹಿಡಿದಿತ್ತು. ಆಮೇಲೆ ಜಾಹೀರಾತನ್ನೇ ಕಿತ್ತುಹಾಕಿದೆ. ತೂಕ ಬರೆಯುವ ಹೊತ್ತಿಗೆ ಯಾವುದೋ ಆಟದ ಚಿತ್ರ ಬಂದು ಕೂತರೆ ಫೋನ್ ಕೆಟ್ಟಿತು ಎಂದು ಪಕ್ಕಕ್ಕಿಡುತ್ತಿದ್ದರು. ಅಂದಹಾಗೆ, ಹೀಗೆ ದುಡ್ಡು ಬಂದರೆ ಅದು ಚಿಲ್ಲರೆಯಾದರೂ ಸಂಬಳದ ಜೊತೆ ಆದಾಯ ತೆರಿಗೆ ಲೆಕ್ಕಕ್ಕೆ ಸೇರಿಸಬೇಕು.

ದುಡ್ಡಿನ ಮಾತಿನ ಹಿಂದೆಯೇ ಇನ್ನೊಂದು ಭಯ ಬರುತ್ತದೆ. “ಐಡಿಯಾ ಕದ್ದುಬಿಟ್ಟರೆ?” ಎಂದು ಹೊನ್ನಾಳಿಯ ಹುಡುಗನೊಬ್ಬ ಫೋನಿನಲ್ಲೂ ದನಿ ತಗ್ಗಿಸಿ ಕೇಳಿದ. ಕೋಡಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ ರಕ್ಷಣೆ ಇದೆ, ಬರವಣಿಗೆಗೆ ಇರುವ ಹಾಗೆಯೇ. ಐಡಿಯಾಕ್ಕೆ ಇಲ್ಲ; ಬರೀ ಕಂಪ್ಯೂಟರ್ ಪ್ರೋಗ್ರಾಂ ಎಂದರೆ ನಮ್ಮ ಪೇಟೆಂಟ್ ಕಾಯ್ದೆಯೂ ಒಪ್ಪುವುದಿಲ್ಲ. ಕಳ್ಳರ ಚಿಂತೆ ಬಿಟ್ಟು ಅವನು ಮೊದಲು ಓದಬೇಕಾದದ್ದು ತನ್ನ ಕಂಪನಿಯ ನೇಮಕಾತಿ ಪತ್ರ. ನೌಕರ ಬರೆದ ಕೋಡ್ ಕಂಪನಿಯದ್ದು ಎಂಬ ಷರತ್ತು ಎಷ್ಟೋ ಪತ್ರಗಳಲ್ಲಿ ಇರುತ್ತದೆ.

ನಂಬಿಕೆ: ಒಬ್ಬನಿಂದ ಆಗುವ ಕೆಲಸವಲ್ಲ

ನಾವು ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಕಲಿತದ್ದೇ ಒಬ್ಬೊಬ್ಬರು ಮಾಡಿದ ಕೆಲಸದಿಂದ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಹೊರಬಂದದ್ದು 1998ರಲ್ಲಿ. ಎಷ್ಟೋ ವರ್ಷ ಅದು ಉಚಿತವಾಗಿತ್ತು, ಬೆಲೆ ಬಂದದ್ದು ಆಮೇಲೆ. ಇಂಗ್ಲಿಷ್ ಕೀಲಿಮಣೆಯ ಮೇಲೆ ಕನ್ನಡವನ್ನು ಕೂರಿಸಿದ ವಿನ್ಯಾಸ ಕೆ.ಪಿ. ರಾವ್ ಅವರ ಹೆಸರಲ್ಲೇ ಇದೆ. ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ‘ಅಲರ್’ ನಿಘಂಟು. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಒಂದೂವರೆ ಲಕ್ಷ ಕನ್ನಡ ಪದಗಳಿಗೆ ಇಂಗ್ಲಿಷ್ ಅರ್ಥ ಕೂಡಿಸಿದರು. 2019ರಲ್ಲಿ ಅದು ಅಂತರ್ಜಾಲಕ್ಕೆ ಬಂತು, ಯಾರು ಬೇಕಾದರೂ ಬಳಸುವಂತೆ. ಅಲ್ಲಿ ಜನ ಹುಡುಕಿಕೊಂಡು ಹೋಗುವುದು ಆ ಪದಗಳನ್ನು. ಹುಡುಕಿಕೊಡುವ ಕೋಡು ಎಷ್ಟು ಚೆನ್ನಾಗಿದ್ದರೂ ಪದಗಳಿಲ್ಲದೆ ಅದಕ್ಕೆ ಕೆಲಸವಿಲ್ಲ.

ಕೋಡಿನಾಚೆಯ ಅಂಥ ತಿಳಿವಳಿಕೆಯೇ ನನ್ನ ಬಳಿ ಇಲ್ಲ ಎಂದು ಗೊತ್ತಾದದ್ದು ಕಳೆದ ದೀಪಾವಳಿಯ ಹಿಂದಿನ ಬಟವಾಡೆಯ ದಿನ. ಈಗ ಖೇಣಿದಾರರ ಮಗಳು ರಾತ್ರಿ ನೋಟ್‌ಬುಕ್ ನೋಡಿ ಆ್ಯಪ್‌ಗೆ ಏರಿಸುತ್ತಾಳೆ. ಚೊಗರಿನ ಕೈಯವರು ಫೋನ್ ಮುಟ್ಟುವುದಿಲ್ಲ. ಅವತ್ತು ಒಬ್ಬರ ಲೆಕ್ಕದಲ್ಲಿ 31 ಕೆ.ಜಿ. ಜಾಸ್ತಿ, ಇನ್ನೊಬ್ಬರ ಲೆಕ್ಕದಲ್ಲಿ ಸೊನ್ನೆ. ನೋಟ್‌ಬುಕ್ಕಿನಲ್ಲಿ ‘ಮೂಲೆಮನೆ ಗೌರಮ್ಮ’, ‘ಟೈಲರ್ ಗೌರಮ್ಮ’ ಎಂದು ಬೇರೆ ಬೇರೆ ಬರೆದಿತ್ತು, ಫೋನಿಗೆ ಏರಿದ್ದು ಎರಡೂ ಬರೀ ‘ಗೌರಮ್ಮ’. ಒಂದೇ ಹೆಸರು ಎರಡು ಸಲ ಬಂದರೆ ಸೇರಿಸಿಬಿಡು ಎಂದು ಕೋಡಿಗೆ ಹೇಳಿದವನು ನಾನು.