ದೂರದ ನೌಕೆಗಳಿಗೆ ನೆಲದ ಆಸರೆ

ಚಂದ್ರನ ಮೇಲಿಳಿದ ನೌಕೆ ನಮಗೆ ಹೆಚ್ಚು ದೂರವೋ, ಸಮುದ್ರದಲ್ಲಿ ಆರು ಕಿಲೊಮೀಟರು ಆಳಕ್ಕಿಳಿದ ನೌಕೆ ಹೆಚ್ಚು ದೂರವೋ? ಅಳತೆಗೋಲನ್ನು ಹಿಡಿದವರಿಗೆ ಈ ಪ್ರಶ್ನೆ ಹಾಸ್ಯವೆನಿಸೀತು; ಚಂದ್ರನ ದೂರ ಸುಮಾರು 3,84,000 ಕಿಲೊಮೀಟರು. ಆದರೆ ಆ ನೌಕೆಗಳೊಡನೆ ಮಾತನಾಡಬೇಕಾದವರ ಗಡಿಯಾರವನ್ನು ಕೇಳಿದರೆ ಉತ್ತರವು ತಲೆಕೆಳಗಾಗುವುದು. ಚಂದ್ರನಿಂದ ಹೊರಟ ಸಂಜ್ಞೆ 1.3 ಸೆಕೆಂಡಿನಲ್ಲಿ ನಮ್ಮನ್ನು ಮುಟ್ಟುತ್ತದೆ. ಸಮುದ್ರದ ಆಳದಿಂದ ಹೊರಟ ಸಂಜ್ಞೆಗೆ 4 ಸೆಕೆಂಡು ಬೇಕು. ಇದು ಹೇಗೆಂಬುದನ್ನೂ, ಈ ಸಂಜ್ಞೆಗಳನ್ನು ಕಾದು ಕೇಳುವುದನ್ನೇ ವೃತ್ತಿಯಾಗಿ ಹಿಡಿಯಬಯಸುವವರು ಏನನ್ನು ಕಲಿಯಬೇಕೆಂಬುದನ್ನೂ ವಿಚಾರಿಸೋಣ.

ಬೆಂಗಳೂರಿನ ಪೂರ್ವದಂಚಿನ ಹೂಡಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿದರೆ ಪೀಣ್ಯಕ್ಕೆ ಹೋಗಬಹುದು. ಅಲ್ಲಿಯ ಕಾರ್ಖಾನೆಗಳ ನಡುವೆ ಇಸ್ರೋ ಸಂಸ್ಥೆಯ 'ಇಸ್ಟ್ರಾಕ್' ಕೇಂದ್ರವಿದೆ. ನಗರದ ಹೊರಗೆ ಬ್ಯಾಲಾಳು ಗ್ರಾಮದಲ್ಲಿ 32 ಮೀಟರು ವ್ಯಾಸದ ದೊಡ್ಡ ಬೋಗುಣಿಯಂತಹ ಆಂಟೆನಾ ಆಕಾಶಕ್ಕೆ ಮುಖವೊಡ್ಡಿ ನಿಂತಿದೆ. ಇಲ್ಲಿಯ ಕೆಲಸಗಳು ಮುಖ್ಯವಾಗಿ ಮೂರು: ನೌಕೆಯೊಳಗಿನ ಉಷ್ಣತೆ, ವಿದ್ಯುತ್ತು ಮುಂತಾದವುಗಳ ವರದಿಯನ್ನು ಪಡೆಯುವುದು, ಅದರ ಸ್ಥಾನವನ್ನೂ ವೇಗವನ್ನೂ ಅಳೆಯುವುದು, ಅದಕ್ಕೆ ಆಜ್ಞೆಗಳನ್ನು ಕಳುಹಿಸುವುದು.

ಆಜ್ಞೆ ಕಳುಹಿಸುವುದು ಸುಲಭವೆಂದು ತಿಳಿಯಬಾರದು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆಯನ್ನು ಸೇರಿತು. ಅಂದು ಅಲ್ಲಿಂದ ಸಂಜ್ಞೆ ಬರಲು ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯುತ್ತಿತ್ತು. ಎಂಜಿನು ಹೊತ್ತಿಕೊಳ್ಳಲಿಲ್ಲವೆಂಬ ಸುದ್ದಿ ಬಂದು, ನಮ್ಮ ಉತ್ತರ ಅಲ್ಲಿಗೆ ಮುಟ್ಟುವಷ್ಟರಲ್ಲಿ 25 ನಿಮಿಷ ಕಳೆದು ಅವಕಾಶವೇ ಕೈತಪ್ಪುತ್ತಿತ್ತು. ಆದುದರಿಂದ ಆಜ್ಞೆಗಳನ್ನೆಲ್ಲ ಕೆಲವು ದಿನ ಮೊದಲೇ ನೌಕೆಯ ಗಣಕಯಂತ್ರದಲ್ಲಿ ತುಂಬಿಡಲಾಗಿತ್ತು. ಬರಬಹುದಾದ ವಿಪತ್ತುಗಳನ್ನು ಮುಂಚಿತವಾಗಿ ಊಹಿಸುವುದೇ ಈ ವೃತ್ತಿಯ ಅರ್ಧಭಾಗ.

ಇನ್ನು ಸಮುದ್ರ. ಉಪ್ಪುನೀರು ವಿದ್ಯುದ್ವಾಹಕ. ಕೋಟಿಗಟ್ಟಲೆ ಕಿಲೊಮೀಟರು ಶೂನ್ಯವನ್ನು ದಾಟಿ ಬಂದ ರೇಡಿಯೋ ಅಲೆ ಅದರೊಳಗೆ ಹೊಕ್ಕೊಡನೆ ತನ್ನ ಶಕ್ತಿಯನ್ನು ನೀರಿಗೆ ಕೊಟ್ಟು ನಶಿಸುತ್ತದೆ. ಅಲ್ಲಿ ದೂರದವರೆಗೆ ಸಾಗಬಲ್ಲುದು ಶಬ್ದ ಮಾತ್ರ. ಅದರ ವೇಗವಾದರೋ ಸೆಕೆಂಡಿಗೆ ಸುಮಾರು 1,500 ಮೀಟರು. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ರೂಪಿಸಿರುವ 'ಮತ್ಸ್ಯ 6000' ನೌಕೆ ಮೂವರನ್ನು 6,000 ಮೀಟರು ಆಳಕ್ಕೆ ಒಯ್ಯಬೇಕೆಂಬ ಉದ್ದೇಶದ್ದು. ಆ ಆಳದಿಂದ ಬರುವ ದನಿಗೆ 4 ಸೆಕೆಂಡು ಹಿಡಿಯುವುದು ಈ ಕಾರಣದಿಂದಲೇ.

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಚಲಿಸುವ ಮೂಲದಿಂದ ಬರುವ ಅಲೆಯ ಆವರ್ತಾಂಕ ಬದಲಾಗುವುದೆಂದು ಡಾಪ್ಲರ್ ನಿಯಮ ಹೇಳುತ್ತದೆ. ಸೆಕೆಂಡಿಗೆ 10 ಕಿಲೊಮೀಟರು ಧಾವಿಸುವ ಆಕಾಶನೌಕೆಯಲ್ಲಿ ಈ ವ್ಯತ್ಯಾಸ 30,000ದಲ್ಲಿ ಒಂದು ಪಾಲು. ನೀರಿನಲ್ಲಿ ಸೆಕೆಂಡಿಗೆ ಒಂದೇ ಮೀಟರು ತೆವಳುವ ನೌಕೆಯಲ್ಲಿ 1,500ರಲ್ಲಿ ಒಂದು ಪಾಲು, ಎಂದರೆ ಇಪ್ಪತ್ತರಷ್ಟು! ಮೇಲಾಗಿ ನೀರಿನ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಧ್ವನಿಗಳು ಬಂದು ಬೆರೆಯುತ್ತವೆ.

ಇಂತಹ ಗದ್ದಲದೊಳಗಿಂದ ಸಂಜ್ಞೆಯನ್ನು ಹೆಕ್ಕುವುದೆಂತು? ಜಾತ್ರೆಯ ಸದ್ದಿನಲ್ಲಿಯೂ ತಾಯಿ ತನ್ನ ಮಗುವಿನ ಕೂಗನ್ನು ಗುರುತಿಸುತ್ತಾಳೆ. ಏಕೆಂದರೆ ಆ ದನಿ ಅವಳಿಗೆ ಮೊದಲೇ ಪರಿಚಿತ. ಹಾಗೆಯೇ ನಿರೀಕ್ಷಿತ ಸಂಜ್ಞೆಯ ಮಾದರಿಯನ್ನು ಇಟ್ಟುಕೊಂಡು, ಬಂದುದನ್ನು ಕ್ಷಣಕ್ಷಣಕ್ಕೂ ಅದರೊಡನೆ ತಾಳೆನೋಡುತ್ತಾರೆ. ಆಕಾಶಕ್ಕೂ ಸಮುದ್ರಕ್ಕೂ ಗಣಿತ ಒಂದೇ.

ಸಂಪರ್ಕ ಕಡಿದಾಗ ಇದರ ಬೆಲೆ ತಿಳಿಯುತ್ತದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ 'ವಿಕ್ರಮ್' ಇಳಿಯುವಾಗ ಮೌನವಾಯಿತು. ಆದರೂ ಅದುವರೆಗೆ ಅದು ಕಳುಹಿಸಿದ್ದ ವರದಿಗಳು ನೆಲದಲ್ಲಿ ಭದ್ರವಾಗಿದ್ದವು. ಅವುಗಳಿಂದ ದೋಷಗಳನ್ನು ಅರಿತು ತಿದ್ದಿದುದರಿಂದ 2023ರ ಆಗಸ್ಟ್ 23ರಂದು ಚಂದ್ರಯಾನ-3 ಸುಖವಾಗಿ ಇಳಿಯಿತು. ಅದೇ ವರ್ಷದ ಜೂನ್ 18ರಂದು ಅಟ್ಲಾಂಟಿಕ್ ಸಾಗರದಲ್ಲಿ 'ಟೈಟನ್' ನೌಕೆಯೂ ಮೌನವಾಗಿತ್ತು. ಕೆಟ್ಟುದು ಸಂಪರ್ಕ ಯಂತ್ರವೋ, ಒಡೆದುದು ನೌಕೆಯೋ ಎಂದು ಲೋಕವೇ ನಾಲ್ಕು ದಿನ ತಳಮಳಿಸಿತು. ಕೊನೆಗೆ ಸಿಕ್ಕಿದುದು ನೌಕೆಯ ಚೂರುಗಳು. ಒಳಗಿದ್ದ ಐವರೂ ಮಡಿದಿದ್ದರು.

ಈ ವೃತ್ತಿಗೆ ಬರಬಯಸುವ ವಿದ್ಯಾರ್ಥಿಗಳು ಭೌತವಿಜ್ಞಾನದ ಅಲೆಗಳ ಅಧ್ಯಾಯವನ್ನೂ, ಗಣಿತದಲ್ಲಿ ಸಂಭವನೀಯತೆಯನ್ನೂ ಪರೀಕ್ಷೆಗಾಗಿ ಮಾತ್ರ ಓದದೆ ಮನಗಾಣಬೇಕು. ಎಲೆಕ್ಟ್ರಾನಿಕ್ಸ್, ಗಣಕಶಾಸ್ತ್ರಗಳ ಪದವೀಧರರಿಗೆ ಇಲ್ಲಿ ಸ್ಥಾನವಿದೆ. ಆಂಟೆನಾವನ್ನು ಕೂದಲೆಳೆಯಷ್ಟೂ ತಪ್ಪದಂತೆ ತಿರುಗಿಸುವ ಯಂತ್ರಗಳನ್ನು ನೋಡಿಕೊಳ್ಳಲು ಡಿಪ್ಲೊಮಾ, ಐಟಿಐ ಕಲಿತ ಕುಶಲರೂ ಬೇಕು. ನೌಕೆಗಳಿಗೆ ಹಗಲಿರುಳಿಲ್ಲ, ಆದುದರಿಂದ ಇಲ್ಲಿ ರಾತ್ರಿಯ ಪಾಳಿಯೂ ಉಂಟು.

ಇಂತಹವರ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಆದರೆ ಕತ್ತಲೆಯ ಸಮುದ್ರತಳದಲ್ಲಿ ಕುಳಿತ ಮೂವರು ಮೇಲಕ್ಕೆ ಒಂದು ಮಾತು ಕಳುಹಿಸಿ ಉತ್ತರಕ್ಕಾಗಿ ಕಾಯುವ ಎಂಟು ಸೆಕೆಂಡುಗಳನ್ನು ಊಹಿಸಿಕೊಳ್ಳಿರಿ. ಆ ಉತ್ತರವನ್ನು ಕೊಡುವವರು ಇವರೇ.